ಆಟಿಕೆ ಬ್ಲಾಕ್ ಕತ್ತರಿಸುವ ಹೊಗೆ ಅಡುಗೆಮನೆಗೆ ಬರುತ್ತಿದೆ, ಮೈದುನನಿಗೆ ಹೇಗೆ ಹೇಳಲಿ?

ಪ್ರಶ್ನೆ: ಮೇಡಂ, ನಮ್ಮದು ದಾವಣಗೆರೆ. ಮನೆಯಲ್ಲಿ ನಾನು, ನಮ್ಮ ಯಜಮಾನರು, ನಾಲ್ಕು ವರ್ಷದ ಮಗ, ದಮ್ಮು ಇರುವ ಅತ್ತೆ ಮತ್ತು ಮೈದುನ ಇದ್ದೇವೆ. ಮೈದುನ ಮುದ್ರಾ ಸಾಲ ಮಾಡಿ 60 ವಾಟ್‌ನ ಲೇಸರ್ ಮಷೀನ್ ತಂದಿದ್ದಾನೆ. ಮುಂದಿನ ರೂಮಿನಲ್ಲೇ ನೇಮ್ ಬೋರ್ಡು, ಮೆಮೆಂಟೊ, ಕೀ ಬಂಚ್ ಮಾಡಿಕೊಡುತ್ತಾನೆ. ಈಗ ಯಾರದೋ ಮಗುವಿನ ಹುಟ್ಟುಹಬ್ಬದ ರಿಟರ್ನ್ ಗಿಫ್ಟಿಗೆ ಪ್ಲಾಸ್ಟಿಕ್ ಆಟಿಕೆ ಬ್ಲಾಕ್‌ಗಳನ್ನು ಆಕಾರಕ್ಕೆ ಕತ್ತರಿಸಿ ಹೆಸರು ಕೊರೆಯುವ ಆರ್ಡರ್ ಬಂದಿದೆ. ಆ ಕೆಲಸ ಶುರುವಾದಾಗಿನಿಂದ ಮನೆಯೆಲ್ಲ ವೈರ್ ಸುಟ್ಟ ವಾಸನೆ. ಒಮ್ಮೆ ಮಷೀನಿನೊಳಗೆ ಬ್ಲಾಕಿಗೆ ಬೆಂಕಿಯೂ ಹತ್ತಿ ಆರಿತು. ಹೊಗೆ ಹೋಗಲು ಕಿಟಕಿಗೆ ಪೈಪ್ ಇಟ್ಟಿದ್ದಾನೆ, ಆದರೂ ನಾನು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ವಾಸನೆ ಇನ್ನೂ ಜಾಸ್ತಿಯಾಗುತ್ತದೆ. ಕೇಳಿದರೆ, ‘ಅತ್ತಿಗೆ, ನಾನು ದಿನಾ ನೇಮ್ ಬೋರ್ಡ್ ಮಾಡೋದೂ ಎಬಿಎಸ್ ಶೀಟಲ್ಲೇ, ಬ್ಲಾಕೂ ಅದೇ ಎಬಿಎಸ್ಸು, ಏನೂ ಆಗಲ್ಲ’ ಅನ್ನುತ್ತಾನೆ. ಯಜಮಾನರು ನಮ್ಮಿಬ್ಬರ ಮಧ್ಯೆ ಬಾಯಿ ಬಿಡುವುದಿಲ್ಲ. ಹೆಚ್ಚು ಮಾತಾಡಿದರೆ ಅವನ ದುಡಿಮೆಗೆ ನಾನು ಅಡ್ಡಗಾಲು ಹಾಕಿದೆ ಅಂತಾಗುತ್ತದೆ. ಬ್ಲಾಕ್‌ಗಳನ್ನು ಅಪಾಯವಿಲ್ಲದೆ ಕತ್ತರಿಸುವ ದಾರಿ ಇದೆಯೇ? ಇಲ್ಲವಾದರೆ ಅವನಿಗೆ ಹೇಗೆ ಹೇಳಲಿ?

— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಮೂಗು ಸರಿಯಾಗಿಯೇ ಹೇಳಿದೆ. ಬ್ಲಾಕ್ ಕತ್ತರಿಸುವ ಕೆಲಸ ಇವತ್ತೇ ನಿಲ್ಲಬೇಕು. ಮಷೀನ್ ಮಾರಬೇಕಿಲ್ಲ, ಆರ್ಡರನ್ನೂ ಕಳೆದುಕೊಳ್ಳಬೇಕಿಲ್ಲ. ಆ ಬ್ಲಾಕ್ ಮಾತ್ರ ಲೇಸರ್ ಕೆಳಗೆ ಹೋಗಬಾರದು. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ‘ನನಗೆ ಭಯ ಆಗ್ತಿದೆ’ ಎಂದಷ್ಟೇ ಹೇಳಿದರೆ ನಿಮ್ಮ ಮೈದುನ ಸಮಾಧಾನ ಮಾಡಿ ಕಳಿಸಿಬಿಡುತ್ತಾನೆ. ಮಷೀನಿನ ಭಾಷೆಯಲ್ಲಿ ಹೇಳಿದರೆ ಅವನು ಕೇಳುತ್ತಾನೆ, ಏಕೆಂದರೆ ಅವನೂ ಕೆಲಸ ಬಲ್ಲ ಹುಡುಗ.

ಮೊದಲು ಒಂದು ಸಮಾಧಾನ. ನಿಮ್ಮ ಮಗ ಕೈಯಲ್ಲಿ ಹಿಡಿದು ಆಡುವ ಬ್ಲಾಕಿನಿಂದ ಏನೂ ಭಯವಿಲ್ಲ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನ ಲೆಗೊ ಕಂಪನಿ 1963ರಿಂದ ತನ್ನ ಬ್ಲಾಕ್‌ಗಳನ್ನು ಎಬಿಎಸ್ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾ ಬಂದಿದೆ. ಗಟ್ಟಿ, ಹೊಳಪು, ವರ್ಷಗಟ್ಟಲೆ ಆಡಿದರೂ ಒಂದಕ್ಕೊಂದು ಕಚ್ಚಿ ಕೂರುವ ಗುಣ, ಇವೆಲ್ಲ ಅದಕ್ಕಿರುವುದರಿಂದಲೇ ಆ ಆಯ್ಕೆ. ಅಕ್ರಿಲೊನೈಟ್ರೈಲ್, ಬ್ಯುಟಡೈಯೀನ್, ಸ್ಟೈರೀನ್ ಎಂಬ ಮೂರು ವಸ್ತುಗಳು ಬೆಸೆದು ಎಬಿಎಸ್ ಆಗುತ್ತದೆ. ಬೆಸೆದುಕೊಂಡಿರುವಷ್ಟು ಕಾಲ ಅದು ಸಾಧು ವಸ್ತು. ಆ ಬೆಸುಗೆ ಒಡೆದಾಗ ತೊಂದರೆ ಶುರು.

‘ಫ್ಯಾಕ್ಟರಿಯಲ್ಲೂ ಕಾಯಿಸಿ ಕರಗಿಸಿಯೇ ಅಲ್ವಾ ಮಾಡೋದು?’ ಎಂದು ಮೈದುನ ಕೇಳಬಹುದು. ಹೌದು, ಸುಮಾರು 230 ಡಿಗ್ರಿಗೆ ಕಾಯಿಸಿ ಅಚ್ಚಿಗೆ ಒತ್ತುತ್ತಾರೆ. ಅಲ್ಲಿ ಪ್ಲಾಸ್ಟಿಕ್ ಕರಗುತ್ತದೆಯೇ ಹೊರತು ಸೀಯುವುದಿಲ್ಲ. ಬೆಲ್ಲದ ಪಾಕಕ್ಕೂ ತಳ ಹತ್ತಿ ಕಪ್ಪಾದ ಬೆಲ್ಲಕ್ಕೂ ಇರುವಷ್ಟೇ ವ್ಯತ್ಯಾಸ ಇಲ್ಲೂ ಇದೆ. ಲೇಸರ್ ಕಿರಣ ಬಿದ್ದ ಆ ಸೂಜಿಮೊನೆಯಷ್ಟು ಜಾಗದಲ್ಲಿ ಶಾಖ ಅದಕ್ಕಿಂತ ಎಷ್ಟೋ ಮೇಲೇರುತ್ತದೆ, ಪ್ಲಾಸ್ಟಿಕ್ ಒಡೆದು ಅನಿಲವಾಗುತ್ತದೆ. ಸ್ಟೈರೀನ್ ಆವಿ, ಇಂಗಾಲದ ಮಾನಾಕ್ಸೈಡ್, ಕಣ್ಣಿಗೆ ಕಾಣುವ ಕಪ್ಪು ಮಸಿ, ಇವುಗಳ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಹೊರಡುತ್ತದೆ. ಅಕ್ರಿಲೊನೈಟ್ರೈಲ್‌ನಲ್ಲಿ ಸಾರಜನಕ ಇರುವುದೇ ಅದಕ್ಕೆ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಬ್ಯುಟಡೈಯೀನನ್ನು ಹಿಂದೆಯೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತ್ತು, 2024ರಲ್ಲಿ ಅಕ್ರಿಲೊನೈಟ್ರೈಲನ್ನೂ ಸೇರಿಸಿತು. ಒಂದೆರಡು ದಿನದ ಹೊಗೆಯಿಂದ ಕ್ಯಾನ್ಸರ್ ಬಂದುಬಿಡುತ್ತದೆ ಎಂದು ಹೆದರಬೇಡಿ. ಆದರೆ ದಿನವೂ ಉಸಿರಾಡುವ ಗಾಳಿಯಲ್ಲಿ ಇವು ಇರಕೂಡದು, ಅದರಲ್ಲೂ ದಮ್ಮು ಇರುವ ಹಿರಿಯರು ಮತ್ತು ಚಿಕ್ಕ ಮಗು ಇರುವ ಮನೆಯಲ್ಲಿ.

ವಾಸನೆಯ ವಿಚಾರವಾಗಿ ಇನ್ನೊಂದು ಮಾತು. ನೀವು ಹೇಳಿದ ‘ವೈರ್ ಸುಟ್ಟ ವಾಸನೆ’ ಹೆಚ್ಚಾಗಿ ಸ್ಟೈರೀನ್ ಮತ್ತು ಮಸಿಯದು. ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಸಯನೈಡಿನ ವಾಸನೆ ಹುಟ್ಟಿನಿಂದಲೇ ಹಲವರ ಮೂಗಿಗೆ ತಿಳಿಯುವುದಿಲ್ಲ. ಹಾಗಾಗಿ ‘ವಾಸನೆ ಹೋಯ್ತು, ಇನ್ನೇನು’ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೆಡಿಕಲ್ ಶಾಪಿನ ಎನ್95 ಮಾಸ್ಕ್ ಮಸಿಯನ್ನು ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ. ಇದ್ದಿಲಿನ ಫಿಲ್ಟರ್ ಇರುವ ಪುಟ್ಟ ಪೆಟ್ಟಿಗೆ ಇಟ್ಟುಕೊಂಡರೆ ವಾಸನೆ ಕಡಿಮೆಯಾದೀತು, ಆದರೆ ಮಾನಾಕ್ಸೈಡ್ ಅದರ ಮೂಲಕ ನೇರ ಹಾದು ಬರುತ್ತದೆ. ವಾಸನೆ ಮಾತ್ರ ಹೋಗಿ ವಿಷ ಉಳಿದರೆ ಅದು ಮೊದಲಿಗಿಂತ ಕೆಟ್ಟದ್ದು.

ಇನ್ನು ಅವನ ವಾದಕ್ಕೆ ಬರೋಣ. ಅದರಲ್ಲಿ ಅರ್ಧ ಸತ್ಯವಿದೆ. ನೇಮ್ ಬೋರ್ಡಿಗೆ ಬಳಸುವ ಎರಡು ಬಣ್ಣದ ಶೀಟು ಬಹುತೇಕ ಎಬಿಎಸ್ಸೇ. ಆದರೆ ಬೋರ್ಡಿನ ಮೇಲೆ ಅಕ್ಷರ ಕೊರೆಯುವಾಗ ಮೇಲಿನ ಬಣ್ಣದ ಪದರವಷ್ಟೇ ಹೋಗುತ್ತದೆ, ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗ. ಕತ್ತರಿಸುವುದು ಅಂಚನ್ನು ಮಾತ್ರ, ಅದೂ ತೆಳುವಾದ ಹಾಳೆ. ಬ್ಲಾಕ್ ಹಾಗಲ್ಲ. ಒಂದು ಬ್ಲಾಕನ್ನು ಕೈಗೆ ತೆಗೆದುಕೊಂಡು ಬುಡಮೇಲು ಮಾಡಿ ನೋಡಿ, ಒಳಗೆ ಪೊಳ್ಳು. ಮೇಲೊಂದು ತೆಳು ಚಾವಣಿ, ಸುತ್ತ ಒಂದೂವರೆ ಮಿಲಿಮೀಟರಿನಷ್ಟು ದಪ್ಪದ ಗೋಡೆ, ನಡುವೆ ಕೊಳವೆಗಳು. ಎತ್ತರ 9.6 ಮಿಲಿಮೀಟರ್. ಮೇಲಿನಿಂದ ಇಳಿಯುವ ಕಿರಣಕ್ಕೆ ಗೋಡೆ ಸಿಕ್ಕ ಜಾಗದಲ್ಲಿ ಕತ್ತರಿಸಬೇಕಾದ ಆಳ ಒಂದೂವರೆ ಮಿಲಿಮೀಟರ್ ಅಲ್ಲ, ಆ ಪೂರ್ತಿ 9.6. ಲೆನ್ಸಿನ ಫೋಕಸ್ ಚೂಪಾಗಿರುವುದು ಕೆಲವೇ ಮಿಲಿಮೀಟರಿನಷ್ಟು ಆಳಕ್ಕೆ. ಕೆಳಕ್ಕೆ ಹೋದಂತೆ ಕಿರಣ ಹರಡಿಕೊಳ್ಳುತ್ತದೆ, ಕತ್ತರಿಸುವ ಬದಲು ಬೇಯಿಸುತ್ತದೆ. ಕತ್ತರಿಸಲಿಲ್ಲವಲ್ಲ ಎಂದು ಇನ್ನೊಂದು ಸುತ್ತು ಓಡಿಸುತ್ತಾನೆ, ಮತ್ತೊಂದು ಸುತ್ತು. ಕರಗಿದ್ದು ಪೊಳ್ಳಿನೊಳಗೆ ತೊಟ್ಟಿಕ್ಕಿ ಅಲ್ಲೇ ಉರಿಯುತ್ತದೆ. ನೀವು ನೋಡಿದ ಬೆಂಕಿ ಹೀಗೆ ಹತ್ತಿದ್ದು. ಅದು ಅವತ್ತಿನ ಆಕಸ್ಮಿಕವಲ್ಲ. ಈ ಕೆಲಸ ಹೀಗೆಯೇ ಮುಂದುವರಿದರೆ ಮತ್ತೆ ಹತ್ತುತ್ತದೆ.

ಕೊನೆಗೆ ಸಿಗುವ ತುಂಡಾದರೂ ಚೆನ್ನಾಗಿರುತ್ತದೆಯೇ ಎಂದರೆ ಅದೂ ಇಲ್ಲ. ಅಂಚು ಕಪ್ಪು, ಕರಗಿ ಗಂಟುಗಂಟಾಗಿ ಗಟ್ಟಿಯಾಗಿರುತ್ತದೆ, ನೂಲಿನಂಥ ಎಳೆಗಳು ಅಂಟಿರುತ್ತವೆ, ಇನ್ನೊಂದು ಬ್ಲಾಕಿಗೆ ಸರಿಯಾಗಿ ಕೂರುವುದಿಲ್ಲ. ಇಷ್ಟು ಹೊಗೆ ಕುಡಿದು ಸಿಗುವುದು ಗಿರಾಕಿ ವಾಪಸ್ ಕೊಡುವಂಥ ಮಾಲು. ಇದನ್ನು ಅವನಿಗೆ ಖಂಡಿತ ಹೇಳಿ.

ಇನ್ನು ಪೇಟೆಯ ಅಗ್ಗದ ಬ್ಲಾಕ್‌ಗಳ ವಿಷಯ. ಗಿರಾಕಿ ತಂದುಕೊಟ್ಟ ಬಿಡಿ ಬ್ಲಾಕ್ ಯಾವ ಪ್ಲಾಸ್ಟಿಕ್ಕಿನದು ಎಂದು ನೋಡಿ ಹೇಳಲಾಗದು. ಅದರಲ್ಲಿ ಪಿವಿಸಿ ಇದ್ದರೆ ಎಬಿಎಸ್‌ಗಿಂತಲೂ ಕಷ್ಟ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊರಡುತ್ತದೆ, ತೇವಕ್ಕೆ ತಗುಲಿದರೆ ಅದೇ ಹೈಡ್ರೋಕ್ಲೋರಿಕ್ ಆಮ್ಲ. ಗಂಟಲಿಗೂ ಶ್ವಾಸಕೋಶಕ್ಕೂ ಏನು ಮಾಡುತ್ತದೋ ಮಷೀನಿನ ಹಳಿ, ಬೇರಿಂಗು, ಲೆನ್ಸಿಗೂ ಅದನ್ನೇ ಮಾಡುತ್ತದೆ. ಕೀ ಬಂಚ್ ಮಾಡುತ್ತಾನೆ ಎಂದು ಬರೆದಿದ್ದೀರಿ. ಅದು ರೆಕ್ಸಿನ್‌ನದ್ದೋ ಕೇಳಿ ನೋಡಿ. ರೆಕ್ಸಿನ್ ಬಹಳಷ್ಟು ಸಲ ಪಿವಿಸಿಯೇ, ಸ್ಟಿಕರ್ ಅಂಗಡಿಯ ವಿನೈಲ್ ಕೂಡ ಪಿವಿಸಿಯೇ. ಇವೆರಡನ್ನು ಲೇಸರ್ ಹತ್ತಿರ ತರಲೇಬಾರದು.

ಗುರುತಿಸಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ, ಸುಡುವ ಗೊಡವೆ ಇಲ್ಲದ್ದು. ಎರಡು ಗಾಜಿನ ಲೋಟದಲ್ಲಿ ನೀರು ತೆಗೆದುಕೊಳ್ಳಿ. ಒಂದರಲ್ಲಿ ಬರೀ ನೀರು. ಇನ್ನೊಂದಕ್ಕೆ ಉಪ್ಪು ಹಾಕಿ ಕಲಕುತ್ತಾ ಹೋಗಿ, ಇನ್ನು ಕರಗುವುದಿಲ್ಲ ಎಂದು ತಳದಲ್ಲಿ ನಿಲ್ಲುವವರೆಗೆ. 100 ಮಿಲಿಲೀಟರಿಗೆ ಸುಮಾರು 35 ಗ್ರಾಂ ಹಿಡಿಯುತ್ತದೆ. ಬ್ಲಾಕಿನ ಪೊಳ್ಳಿನಲ್ಲಿ ಗಾಳಿ ಸಿಕ್ಕಿಕೊಂಡರೆ ಎಲ್ಲವೂ ತೇಲಿ ಮೋಸ ಮಾಡುತ್ತದೆ, ಆದ್ದರಿಂದ ಚಾಕುವಿನಿಂದ ಒಂದು ಚೂರು ಕೆತ್ತಿ ಆ ಚೂರನ್ನು ಹಾಕಿ, ಅಂಟಿದ ಗುಳ್ಳೆಯನ್ನು ಬೆರಳಿನಿಂದ ತೆಗೆಯಿರಿ. ಎಬಿಎಸ್ ಬರೀ ನೀರಿನಲ್ಲಿ ಮುಳುಗುತ್ತದೆ, ಉಪ್ಪುನೀರಿನಲ್ಲಿ ತೇಲುತ್ತದೆ. ಗಟ್ಟಿ ಪಿವಿಸಿ ಎರಡರಲ್ಲೂ ಮುಳುಗುತ್ತದೆ. ಪಾರದರ್ಶಕ ಬ್ಲಾಕಿಗೆ ಬಳಸುವ ಪಾಲಿಕಾರ್ಬೊನೇಟ್ ಉಪ್ಪುನೀರಿನಲ್ಲಿ ಆಚೆಯೂ ಅಲ್ಲ ಈಚೆಯೂ ಅಲ್ಲದಂತೆ ತೂಗಾಡೀತು. ಅದೂ ಲೇಸರ್‌ಗೆ ಒಗ್ಗದು, ಹಳದಿಗಟ್ಟಿ ಮಸಿ ಕಾರುತ್ತದೆ. ಉಪ್ಪುನೀರಿನಲ್ಲಿ ತೇಲಿತು ಎಂದಮಾತ್ರಕ್ಕೆ ಕತ್ತರಿಸಬಹುದು ಎಂದಲ್ಲ. ಮುಳುಗಿದ್ದನ್ನು ಮಷೀನಿನ ರೂಮಿಗೇ ಒಯ್ಯಬಾರದು ಎಂದು ಮಾತ್ರ ತಿಳಿಯುತ್ತದೆ. ಈ ಪರೀಕ್ಷೆಯನ್ನು ನೀವೊಬ್ಬರೇ ಮಾಡಿ ತೀರ್ಪು ಹೇಳಬೇಡಿ. ಅವನನ್ನೇ ಕರೆದು ಮಾಡಿಸಿ. ಅವನೇ ಕಂಡುಕೊಂಡದ್ದನ್ನು ಅವನು ಬಿಟ್ಟುಕೊಡುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಎಕ್ಸಾಸ್ಟ್ ಫ್ಯಾನಿನ ಸಾಲು. ಫ್ಯಾನ್ ಅಡುಗೆಮನೆಯ ಗಾಳಿಯನ್ನು ಆಚೆ ತಳ್ಳುತ್ತದೆ, ಖಾಲಿಯಾದ ಜಾಗಕ್ಕೆ ಎಲ್ಲಿಂದಲಾದರೂ ಗಾಳಿ ಬರಲೇಬೇಕು. ಮನೆಯ ಕಿಟಕಿಗಳು ಮುಚ್ಚಿದ್ದರೆ ಅದು ಬಾಗಿಲ ಸಂದಿಯಿಂದ, ಅಂದರೆ ಮಷೀನಿನ ರೂಮಿನಿಂದ ಎಳೆದುಕೊಳ್ಳುತ್ತದೆ. ಮೈದುನನ ಸಣ್ಣ ಬ್ಲೋವರ್ ಹೊಗೆಯನ್ನು ಒಂದು ಕಡೆ ಎಳೆದರೆ ನಿಮ್ಮ ಫ್ಯಾನ್ ಇನ್ನೊಂದು ಕಡೆ ಎಳೆಯುತ್ತದೆ, ನಿಮ್ಮದೇ ಗೆಲ್ಲುತ್ತದೆ. ನಂಬಿಕೆ ಬರದಿದ್ದರೆ, ಮಷೀನ್ ನಿಂತಿರುವಾಗ ಆ ರೂಮಿನ ಬಾಗಿಲ ಕೆಳಗಿನ ಸಂದಿಯ ಹತ್ತಿರ ಊದುಬತ್ತಿ ಹಿಡಿದು, ಅಡುಗೆಮನೆಯ ಫ್ಯಾನ್ ಹಾಕಿಸಿ ನೋಡಿ. ಬತ್ತಿಯ ಹೊಗೆ ಯಾವ ಕಡೆ ಬಾಗುತ್ತದೋ ಲೇಸರಿನ ಹೊಗೆಯೂ ಆ ಕಡೆಗೇ ಹೋಗುತ್ತಿದೆ.

ಬ್ಲಾಕ್ ನಿಂತರೂ ಈ ಗಾಳಿಯ ಸಮಸ್ಯೆ ಬಗೆಹರಿಯಲೇಬೇಕು. ಅಕ್ರಿಲಿಕ್, ಪ್ಲೈವುಡ್, ಎಂಡಿಎಫ್ ಯಾವುದನ್ನು ಕತ್ತರಿಸಿದರೂ ಹೊಗೆ ಇದ್ದೇ ಇರುತ್ತದೆ, ನೇಮ್ ಬೋರ್ಡಿನ ಶೀಟೂ ಅಷ್ಟೇ. ಬ್ಲೋವರನ್ನು ಮಷೀನಿನ ಪಕ್ಕ ಇಡದೆ ಪೈಪಿನ ಆಚೆ ತುದಿಗೆ, ಗೋಡೆಯ ಹೊರಮೈಗೆ ಕೂರಿಸಬೇಕು. ಆಗ ಪೈಪಿನೊಳಗೆ ಪೂರ್ತಿ ಸೆಳೆತ ಇರುತ್ತದೆ, ಎಲ್ಲಾದರೂ ತೂತಿದ್ದರೂ ರೂಮಿನ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊಗೆ ಹೊರಗೆ ಬರುವುದಿಲ್ಲ. ಬ್ಲೋವರ್ ಮಷೀನಿಗೇ ಅಂಟಿಕೊಂಡಿದ್ದರೆ ಪ್ರತಿ ಸಂದಿಯೂ ಹೊಗೆ ಉಗುಳುತ್ತದೆ. ಪೈಪು ಗಿಡ್ಡವಿರಲಿ, ಬಾಗು ಕಡಿಮೆಯಿರಲಿ, ಒಳಗೆ ಕಟ್ಟಿದ ಮಸಿಯನ್ನು ಆಗಾಗ ತೆಗೆಯಲಿ, ಅದಕ್ಕೂ ಬೆಂಕಿ ಹತ್ತುತ್ತದೆ. ಹೊರಗಿನ ಬಾಯಿ ನಿಮ್ಮ ಕಿಟಕಿಗೂ ಪಕ್ಕದ ಮನೆಯವರ ಕಿಟಕಿಗೂ ದೂರವಾಗಿ, ಸೂರಿಗಿಂತ ಮೇಲಕ್ಕೆ ಹೋಗಬೇಕು. ರೂಮಿನ ಒಳಬಾಗಿಲ ಸಂದಿಗೆ ಪಟ್ಟಿ ಬಡಿದು, ಬೀದಿ ಕಡೆಯ ಕಿಟಕಿ ಸ್ವಲ್ಪ ತೆರೆದಿಟ್ಟರೆ ಮಷೀನಿಗೆ ಬೇಕಾದ ಗಾಳಿ ಅಲ್ಲಿಂದ ಸಿಗುತ್ತದೆ. ಕೆಲಸ ಮುಗಿದ ಮೇಲೂ ಕೆಲವು ನಿಮಿಷ ಬ್ಲೋವರ್ ಓಡಲಿ, ಆಮೇಲೆ ಮುಚ್ಚಳ ತೆಗೆಯಲಿ. ಮಹಡಿ ಮೇಲೆ ಶೀಟ್ ಹಾಕಿದ ರೂಮಿದ್ದರೆ, ಅಥವಾ ಹತ್ತಿರದಲ್ಲೊಂದು ಮಳಿಗೆ ಕೈಗೆಟಕುವ ಬಾಡಿಗೆಗೆ ಸಿಕ್ಕರೆ, ಮಷೀನನ್ನು ಅಲ್ಲಿಗೆ ಸಾಗಿಸುವುದು ಎಲ್ಲಕ್ಕಿಂತ ಒಳ್ಳೆಯದು. ಈ ಮಾತು ನಿಮ್ಮ ಯಜಮಾನರ ಬಾಯಿಂದ ಬರಬೇಕು. ಬಾಡಿಗೆ, ವೈರಿಂಗ್ ಎಲ್ಲ ಮನೆಯ ಖರ್ಚಿನ ಲೆಕ್ಕ. ಅತ್ತಿಗೆ ಮೈದುನರ ತಕರಾರು ಎಂದು ಅವರು ದೂರ ನಿಲ್ಲುವ ವಿಷಯ ಇದಲ್ಲ. ಅವರ ತಾಯಿಯ ಉಸಿರಿನ ಪ್ರಶ್ನೆ.

ಬೆಂಕಿಯ ಬಗ್ಗೆ ಎರಡು ಮಾತು. ಮಷೀನ್ ಓಡುವಾಗ ಫೋನ್ ಬಂತೆಂದು, ಗಿರಾಕಿ ಬಂದರೆಂದು ಎದ್ದುಹೋಗಬಾರದು. ಕಿರಣದ ಜೊತೆ ಗಾಳಿ ಊದುವ ಪಂಪ್ ಯಾವಾಗಲೂ ಚಾಲೂ ಇರಬೇಕು. ಕೈಗೆಟಕುವಂತೆ ಕಾರ್ಬನ್ ಡೈಆಕ್ಸೈಡಿನ ಅಗ್ನಿಶಾಮಕ ಸಿಲಿಂಡರ್ ಇರಲಿ, ಅದು ಪುಡಿ ಚೆಲ್ಲುವುದಿಲ್ಲ, ಲೆನ್ಸೂ ಹಾಳಾಗುವುದಿಲ್ಲ. ನೀರು ಎರಚಬೇಡಿ. ಗಾಜಿನ ಟ್ಯೂಬಿಗೆ ಹೋಗುವ ಕರೆಂಟು ಸಾವಿರಾರು ವೋಲ್ಟಿನದು. ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಒಮ್ಮೆ ನೋಡಲಿ.

ಈಗ ಆರ್ಡರ್ ಕೈತಪ್ಪದಂತೆ ಏನು ಮಾಡಬಹುದು ನೋಡೋಣ. ಇಲ್ಲಿ ನಿಮ್ಮ ಮೈದುನನ ಕೈಚಳಕಕ್ಕೆ ಜಾಗವಿದೆ. ಬ್ಲಾಕಿನ ತಲೆಯ ಮೇಲಿನ ಗುಬುಟುಗಳನ್ನು ನೋಡಿ. ಲೆಗೊ ಅಳತೆಯ ಬ್ಲಾಕಿನಲ್ಲಿ ಒಂದೊಂದರ ಅಗಲ 4.8 ಮಿಲಿಮೀಟರ್, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 8 ಮಿಲಿಮೀಟರ್. ಮೂರು ಮಿಲಿಮೀಟರಿನ ಅಕ್ರಿಲಿಕ್ ಹಾಳೆಯಲ್ಲಿ ಇದೇ ಅಳತೆಗೆ ತೂತು ಕೊರೆದರೆ, ಹಾಳೆ ಬ್ಲಾಕಿನ ಮೇಲೆ ಕಚ್ಚಿ ಕೂರುತ್ತದೆ. ಹಾಳೆಯನ್ನು ಮಗುವಿನ ಹೆಸರಿನ ಆಕಾರಕ್ಕೋ ಆನೆಯ ಆಕಾರಕ್ಕೋ ಕತ್ತರಿಸಲಿ, ಹೆಸರನ್ನು ಅದರ ಮೇಲೆ ಕೊರೆಯಲಿ. ಬ್ಲಾಕಿಗೆ ಲೇಸರ್ ತಾಗುವುದೇ ಇಲ್ಲ. ಕಿರಣ ತಾನು ಹೋದ ದಾರಿಯಲ್ಲಿ ಒಂದಿಷ್ಟನ್ನು ತಿಂದುಹಾಕುವುದರಿಂದ ತೂತು ಬರೆದದ್ದಕ್ಕಿಂತ ದೊಡ್ಡದಾಗುತ್ತದೆ. ಹಾಗಾಗಿ ಮೊದಲು ರದ್ದಿ ತುಂಡಿನಲ್ಲಿ 4.6, 4.7, 4.8 ಎಂದು ಸಾಲಾಗಿ ತೂತು ಹಾಕಿ, ಬಿಗಿಯಾಗಿ ಕೂರುವುದನ್ನು ಆರಿಸಿಕೊಳ್ಳಲಿ. ಬೇರೆ ಕಂಪನಿಯ ಬ್ಲಾಕಾದರೆ ವರ್ನಿಯರ್ ಹಿಡಿದು ಅಳೆಯುವುದೇ ಸರಿ. ಕೊರೆದ ಅಕ್ಷರ ಬೆಳ್ಳಗೆ ಎದ್ದು ಕಾಣಬೇಕಾದರೆ ಕಾಸ್ಟ್ ಅಕ್ರಿಲಿಕ್ ಕೇಳಿ ತರಲಿ.

ಬ್ಲಾಕಿನ ಮೇಲೇ ಹೆಸರು ಬೇಕು ಎಂದು ಗಿರಾಕಿ ಹಟ ಹಿಡಿದರೆ ಯುವಿ ಪ್ರಿಂಟಿಂಗ್ ಮಾಡುವವರ ಹತ್ತಿರ ಕೊಡಿಸಲಿ. ಬ್ಲಾಕನ್ನು ತುಂಡು ಮಾಡಲೇಬೇಕೆಂದರೆ ಅಕ್ಕಸಾಲಿಗರು ಬಳಸುವ ಸಣ್ಣ ಹಲ್ಲಿನ ಗರಗಸವಿದೆ. ಬ್ಲಾಕನ್ನು ಬಿಗಿಯಾಗಿ ಹಿಡಿಸಿ ನಿಧಾನವಾಗಿ ಕೊಯ್ದು, ಅಂಚನ್ನು ವಾಟರ್ ಪೇಪರಿನಲ್ಲಿ ನೀರು ಹಚ್ಚಿಕೊಂಡು ತಿಕ್ಕಿದರೆ ಧೂಳು ಹಾರುವುದಿಲ್ಲ, ಅಂಚೂ ನುಣುಪಾಗುತ್ತದೆ. ಹೊತ್ತು ಹಿಡಿಯುತ್ತದೆ ನಿಜ, ಆದರೆ ಲೇಸರ್ ಕೊಟ್ಟ ಕಪ್ಪು ಅಂಚನ್ನು ತಿಕ್ಕಿ ಸರಿಮಾಡುವುದಕ್ಕಿಂತ ಹೆಚ್ಚೇನಲ್ಲ.

ಕೊಂಡುಹೋಗುವವರು ಮಕ್ಕಳಾದ್ದರಿಂದ ಇನ್ನೊಂದು ಎಚ್ಚರ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆ ಗುರುತು ಫ್ಯಾಕ್ಟರಿಯಿಂದ ಬಂದ ರೂಪಕ್ಕೆ ಸಿಕ್ಕದ್ದು, ಮನೆಯಲ್ಲಿ ಕತ್ತರಿಸಿ ಚೂಪು ಅಂಚು ಮಾಡಿದ ತುಂಡಿಗಲ್ಲ. ಮೂರು ವರ್ಷದೊಳಗಿನ ಮಗುವಿಗೆ ಚೂರುಗಳು ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಬೇರೆ. ಅಕ್ರಿಲಿಕ್ ಹೆಸರಿನ ಫಲಕವನ್ನು ಮೇಜಿನ ಮೇಲಿಡುವ ಅಲಂಕಾರದ ವಸ್ತುವೆಂದೇ ಕೊಡಲಿ, ಮೂಲೆಗಳನ್ನು ದುಂಡಗೆ ಮಾಡಲಿ, ಪುಟಾಣಿಗಳ ಕೈಗೆ ಕೊಡಬೇಡಿ ಎಂದು ಗಿರಾಕಿಗೆ ಬಾಯಿಬಿಟ್ಟು ಹೇಳಲಿ.

ಹೇಳುವ ಬಗೆ ಕೇಳಿದ್ದೀರಿ. ಗಿರಾಕಿಯ ಎದುರು ಬೇಡ, ಹೊಗೆ ತುಂಬಿ ನಿಮಗೆ ಸಿಟ್ಟು ಬಂದ ಹೊತ್ತಿನಲ್ಲೂ ಬೇಡ. ರಾತ್ರಿ ಊಟವಾದ ಮೇಲೆ, ಯಜಮಾನರೂ ಅಲ್ಲೇ ಕೂತಿರುವಾಗ ಹೇಳಿ. ಅವನ ಮೇಲೆ ತಪ್ಪು ಹೊರಿಸಿ ಮಾತು ಶುರುಮಾಡಬೇಡಿ. ‘ನೋಡಪ್ಪಾ, ಸಾಲ ಮಾಡಿ ತಂದ ಮಷೀನು, ನೀನು ಈ ಕೆಲಸದಲ್ಲಿ ಮೇಲೆ ಬರಬೇಕು ಅನ್ನೋ ಆಸೆ ನನಗೂ ಇದೆ. ಆದ್ರೆ ಆ ಹೊಗೆ ಮೊದಲು ತಗೊಳ್ಳೋನು ನೀನು, ಮಷೀನಿಗೆ ಮುಖ ಕೊಟ್ಟು ಕೂರೋನು ನೀನೇ. ಅತ್ತೆಗೆ, ಪಾಪುಗೆ ಆಮೇಲೆ ಬರುತ್ತೆ.’ ಹೀಗೆ ಹೇಳಿದರೆ ಸಾಕು, ಇದರಲ್ಲಿ ಸುಳ್ಳೇನೂ ಇಲ್ಲ. ಆಮೇಲೆ ಬ್ಲಾಕನ್ನು ಬುಡಮೇಲು ಮಾಡಿ ತೋರಿಸಿ, ಗೋಡೆಯ ಎತ್ತರ ಅಳೆಯಲು ಹೇಳಿ, ಅಕ್ರಿಲಿಕ್ ಉಪಾಯ ಮುಂದಿಡಿ. ಅವನು ಒಪ್ಪದೆ ಎದ್ದುಹೋದರೆ ಮಾತು ಅಲ್ಲಿಗೇ ಬಿಡಿ, ಮರುದಿನ ಊದುಬತ್ತಿ ಹಿಡಿಯಿರಿ. ಆದರೆ ಒಂದು ವಿಷಯದಲ್ಲಿ ಸಂಕೋಚ ಬೇಡ. ಈ ನಡುವೆ ಅವನು ಮತ್ತೆ ಬ್ಲಾಕ್ ಕತ್ತರಿಸಲು ಕೂತರೆ ಅತ್ತೆಯನ್ನೂ ಮಗನನ್ನೂ ಕರೆದುಕೊಂಡು ಮನೆಯಿಂದ ಹೊರಗೆ ಹೋಗಿಬಿಡಿ. ಅದನ್ನು ಯಾರೂ ಅಡ್ಡಗಾಲು ಎನ್ನಲಾರರು.

ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ತಕ್ಷಣ ಬಯಲಿಗೆ ಬನ್ನಿ. ಅತ್ತೆಯವರ ದಮ್ಮು ಈಚೆಗೆ ಹೆಚ್ಚಿದ್ದರೆ ಅವರನ್ನು ನೋಡುವ ಡಾಕ್ಟರಿಗೆ ‘ಮನೆಯಲ್ಲಿ ಎಬಿಎಸ್ ಪ್ಲಾಸ್ಟಿಕ್ ಸುಟ್ಟ ಹೊಗೆ ಇತ್ತು’ ಎಂದು ಸ್ಪಷ್ಟವಾಗಿ ತಿಳಿಸಿ, ಬರೀ ‘ಧೂಳು’ ಎನ್ನಬೇಡಿ. ಆ ರೂಮಿನ ನೆಲ, ಕಿಟಕಿ, ಕಪಾಟುಗಳ ಮೇಲೆ ಕೂತ ಮಸಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಈಗಾಗಲೇ ಕತ್ತರಿಸಿಟ್ಟ ತುಂಡುಗಳನ್ನು ಮಗನ ಆಟದ ಡಬ್ಬಿಗೆ ಸೇರಿಸಬೇಡಿ, ಗಿರಾಕಿಗೂ ಕೊಡಬೇಡಿ. ಕತ್ತರಿಸದೆ ಉಳಿದ ಬ್ಲಾಕ್‌ಗಳಿಗೆ ಹೊಗೆ ಹಿಡಿದಿದ್ದರೆ ಸೋಪುನೀರಿನಲ್ಲಿ ತೊಳೆದು ಒಣಗಿಸಿ, ಅಕ್ರಿಲಿಕ್ ಹಾಳೆ ಕೂರಿಸಲು ಅವೇ ಸಾಕು.